ಹದಿನೈದನೇ ಸ್ಟಿಕ್

ನಮ್ಮಕ್ಕನ ಮಗಳು ಸ್ಪಂದನ ಗಾಲ್ಫ್ ಆಡ್ತಾಳೆ ಅಂದ್ರೆ ಗೋವಿಂದರಾಜನಗರದಲ್ಲಿ ಯಾರೂ ನಂಬ್ತಿರಲಿಲ್ಲ. ಅದು ಟೋಪಿ ಹಾಕ್ಕೊಂಡ ಸಾಹೇಬ್ರ ಆಟ, ನಿಮಗ್ಯಾಕಪ್ಪಾ ಅಂತ ನನ್ನ ಗ್ಯಾರೇಜಿಗೆ ಬರೋ ಗಿರಾಕಿಗಳೇ ನನಗೆ ಬುದ್ಧಿ ಹೇಳೋರು. ನಾನು ಸ್ಕೂಟರ್ ಮೆಕ್ಯಾನಿಕ್, ಬಾಯಿ ಸ್ವಲ್ಪ ಜೋರು. ‘ನೀವು ನಿಮ್ಮ ಬ್ರೇಕ್ ನೋಡ್ಕೊಳ್ಳಿ ಸಾರ್, ನಮ್ಮ ಹುಡುಗಿ ವಿಷಯ ನಾವು ನೋಡ್ಕೋತೀವಿ’ ಅಂದುಬಿಡ್ತಿದ್ದೆ. ಒಳಗೊಳಗೆ ನನಗೂ ಅದೇ ಅನುಮಾನ ಇತ್ತು ಅನ್ನೋದು ಬೇರೆ ಮಾತು.

ಅವಳಪ್ಪ, ನಮ್ಮ ಭಾವ ಸಂಪತ್, ಕೆಂಗೇರಿ ಆಚೆ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸೋ ಮೆಷಿನ್ ಓಡಿಸ್ತಾರೆ. ಭಾನುವಾರ ಮಗಳನ್ನೂ ಕರ್ಕೊಂಡು ಹೋಗೋರು. ಎಂಟು ವರ್ಷದ ಹುಡುಗಿ ಬೇಲಿ ಪಕ್ಕ ಕೂತು ಆಡೋರನ್ನೇ ನೋಡಿ ನೋಡಿ, ಒಂದಿನ ತೆಂಗಿನ ಮಟ್ಟೆ ಹಿಡ್ಕೊಂಡು ಥೇಟ್ ಅವರ ಹಾಗೇ ಬೀಸಿದ್ದಳಂತೆ. ಅಲ್ಲಿನ ಕೋಚ್ ಅದನ್ನ ನೋಡಿ, ಯಾರೋ ಬಿಸಾಕಿದ್ದ ಹಳೇ ಸ್ಟಿಕ್ ಒಂದನ್ನ ಕೊಟ್ಟರು. ಅದು ಅವಳಿಗೆ ತುಂಬಾ ಉದ್ದ. ನಾನು ಒಂದಡಿ ಕುಯ್ದು, ಲೂನಾ ಹ್ಯಾಂಡಲ್ಲಿನ ರಬ್ಬರ್ ಹಾಕಿ ಕೊಟ್ಟೆ. ಆ ಮೋಟು ಸ್ಟಿಕ್ಕಲ್ಲೇ ಅವಳು ಆಟ ಶುರು ಮಾಡಿದ್ದು. ದೊಡ್ಡವಳಾದ ಮೇಲೆ ಅದು ನನ್ನ ಗ್ಯಾರೇಜಿನ ಮೊಳೇಲಿ ನೇತಾಡ್ಕೊಂಡಿತ್ತು.

ಹದಿನಾರಕ್ಕೆ ರಾಜ್ಯಕ್ಕೆ ಆಡಿದಳು. ಹತ್ತೊಂಬತ್ತಕ್ಕೆ ಪ್ರೊಫೆಷನಲ್ ಆದಳು, ಅಂದ್ರೆ ಇನ್ನು ಆಟಾನೇ ಹೊಟ್ಟೆಪಾಡು. ಅಕ್ಕನಿಗೆ ನಿದ್ದೆ ಹಾರಿಹೋಯ್ತು. ಕೊನೆಗೆ ಮನೇಲಿ ಕೂತು ಒಂದು ಮಾತಾಯ್ತು. ಮೂರು ವರ್ಷ ಆಡ್ಲಿ, ಅಷ್ಟರಲ್ಲಿ ಒಂದು ಟೂರ್ನಮೆಂಟಾದ್ರೂ ಗೆದ್ರೆ ಮುಂದುವರಿಸ್ಲಿ, ಇಲ್ದಿದ್ರೆ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಸೇರ್ಲಿ. ಸ್ಪಂದನ ‘ಆಯ್ತು’ ಅಂದಳು. ಅವಳು ಮಾತು ಕೊಟ್ಟರೆ ತಪ್ಪೋಳಲ್ಲ, ನನಗೆ ಭಯ ಇದ್ದಿದ್ದೇ ಅದು.

ಮೂರು ವರ್ಷದಲ್ಲಿ ನಾಲ್ಕು ಸಲ ಎರಡನೇ ಸ್ಥಾನಕ್ಕೆ ಬಂದಳು, ಒಂದು ಸಲಾನೂ ಗೆಲ್ಲಲಿಲ್ಲ. ಮೂರನೇ ವರ್ಷದ ದಸರಾ ಹೊತ್ತಿಗೆ ಒಂದು ಸರ್ಕಾರಿ ಆಫೀಸಿಂದ ಆರ್ಡರ್ ಬಂತು, ಸೋಮವಾರ ಬೆಳಗ್ಗೆ ಹತ್ತಕ್ಕೆ ಬಂದು ಸೇರ್ಕೊಳ್ಳಿ ಅಂತ. ಅದಕ್ಕೆ ಮುಂಚೆ ಉಳಿದಿದ್ದು ಒಂದೇ ಒಂದು ಟೂರ್ನಮೆಂಟು, ದೇವನಹಳ್ಳಿ ಕಡೆ, ಗುರುವಾರದಿಂದ ಶನಿವಾರದವರೆಗೆ. ಆಟದಲ್ಲಿ ಅವಳ ಸ್ಟಿಕ್ಕಿನ ಬ್ಯಾಗ್ ಹೊತ್ಕೊಂಡು ಜೊತೇಲಿ ನಡೆಯೋರು ಯಾವಾಗ್ಲೂ ಭಾವಾನೇ. ಆ ವಾರ ನೋಡಿ, ಅವರಿಗೆ ಡೆಂಗಿ ಬಂದು ಮಲಗಿಬಿಟ್ರು. ‘ಮಾವ, ನೀವೇ ಬನ್ನಿ’ ಅಂದಳು. ‘ಬೆಳಗ್ಗೆ ಹೊರಡೋ ಮುಂಚೆ ಸ್ಟಿಕ್ ಎಣಿಸು’ ಅಂತ ಭಾವ ಜ್ವರದಲ್ಲೇ ನನಗೆ ಹತ್ತು ಸಲ ಹೇಳಿದ್ರು.

ಎರಡು ದಿನ ಏನು ಆಡಿದಳು ಅಂತೀರಿ. ಆ ಆಟದಲ್ಲಿ ದಿನಕ್ಕೆ ಹದಿನೆಂಟು ಗುಂಡಿಗೆ ಚೆಂಡು ಹಾಕ್ಬೇಕು, ಮೂರೂ ದಿನ ಸೇರಿ ಯಾರದು ಕಡಿಮೆ ಹೊಡೆತವೋ ಅವರು ಗೆದ್ದ ಹಾಗೆ. ಶುಕ್ರವಾರ ಆಟ ಮುಗಿದಾಗ ಸ್ಪಂದನ ಮೂರು ಹೊಡೆತ ಮುಂದಿದ್ದಳು. ಎರಡನೇ ಜಾಗದಲ್ಲಿ ಬೆನೆದೆತ್ತಾ ಅಂತ ಇಟಲಿ ಹುಡುಗಿ. ಇವಳಷ್ಟೇ ವಯಸ್ಸು, ಆಗ್ಲೇ ಎರಡು ಟೂರ್ನಮೆಂಟ್ ಗೆದ್ದೋಳು.

ಶುಕ್ರವಾರ ಆಯುಧ ಪೂಜೆ. ಮೆಕ್ಯಾನಿಕ್ಕಿಗೆ ವರ್ಷಕ್ಕೆ ಒಂದೇ ಹಬ್ಬ, ಅದು ಇದೇ. ಸಂಜೆ ಗ್ಯಾರೇಜು ತೊಳೆದು, ಬಾಳೆಕಂದು ಕಟ್ಟಿ, ಸ್ಪ್ಯಾನರು, ಜಾಕು, ಕಂಪ್ರೆಸರು ಎಲ್ಲಾ ಸಾಲಾಗಿ ಜೋಡಿಸಿದೆ. ಅದರ ಪಕ್ಕದಲ್ಲೇ ಸ್ಪಂದನಾಳ ಸ್ಟಿಕ್ಕುಗಳು. ‘ಹೊಡೆಯೋ ಮುಖಕ್ಕೆ ಏನೂ ಅಂಟಬಾರದು ಮಾವ’ ಅಂದಿದ್ದಕ್ಕೆ ಹಿಂಭಾಗಕ್ಕೆ ಮಾತ್ರ ಕುಂಕುಮ ಇಟ್ಟು, ಹಿಡಿಗೆ ಚೆಂಡು ಹೂವು ಕಟ್ಟಿದೆ. ಮೊಳೇಲಿದ್ದ ಮೋಟು ಸ್ಟಿಕ್ಕನ್ನೂ ಇಳಿಸಿ ಇಟ್ಟೆ, ಅದಕ್ಕೂ ಪೂಜೆ ಸಲ್ಲಬೇಕಲ್ಲ. ಬೂದುಗುಂಬಳಕಾಯಿ ಒಡೆದು, ಬೀದಿಯೋರಿಗೆಲ್ಲ ಕಡ್ಲೆಪುರಿ ಹಂಚಿದ್ದಾಯ್ತು. ಪೂಜೆಗಿಟ್ಟ ಆಯುಧ ಬೆಳಗಾಗೋವರೆಗೂ ಕದಲಿಸಬಾರದು ಅನ್ನೋದು ನಮ್ಮ ಪದ್ಧತಿ, ಹಾಗೇ ಬಿಟ್ವಿ.

ಶನಿವಾರ ಬೆಳಗ್ಗೆ ಐದಕ್ಕೆ ಮಂಗಳಾರತಿ ಮಾಡಿ, ಆ ಅವಸರದಲ್ಲಿ ಹೂವು ಬಿಚ್ಚಿ ಬ್ಯಾಗ್ ತುಂಬಿದೆ. ಎಣಿಸಲಿಲ್ಲ. ಮೂವತ್ತು ವರ್ಷದಲ್ಲಿ ಸ್ಪ್ಯಾನರ್ ಎಣಿಸಿದೋನಲ್ಲ ನಾನು. ಒಂದು ಕಡಿಮೆಯಾದ್ರೆ ಕೈಗೇ ಗೊತ್ತಾಗುತ್ತೆ. ಜಾಸ್ತಿಯಾದ್ರೆ ಗೊತ್ತಾಗಲ್ಲ ಅಂತ ನನಗೆ ತಿಳಿದಿದ್ದು ಅವತ್ತೇ.

ಮೊದಲನೇ ಗುಂಡಿ ಇಬ್ಬರೂ ಸಮ. ಎರಡನೇದರ ಅರ್ಧ ದಾರೀಲಿ ಸ್ಪಂದನ ಒಂದು ಸ್ಟಿಕ್ ಎಳೆದಳು, ಜೊತೆಗೆ ಒಂದು ಚೆಂಡು ಹೂವಿನ ದಾರ ಮೇಲೆ ಬಂತು. ನಗ್ತಾ ಅದನ್ನ ಬಿಡಿಸೋಕೆ ಕೈ ಹಾಕಿದೋಳು ಹಾಗೇ ನಿಂತುಬಿಟ್ಟಳು. ತಳದಲ್ಲಿ ಮೋಟು ಸ್ಟಿಕ್ ಕೂತಿತ್ತು.

‘ಮಾವ, ಇದು ಇಲ್ಲಿಗೆ ಹೇಗ್ ಬಂತು?’

ಬ್ಯಾಗಲ್ಲಿ ಹದಿನಾಲ್ಕಕ್ಕಿಂತ ಜಾಸ್ತಿ ಸ್ಟಿಕ್ ಇರೋ ಹಾಗಿಲ್ಲ. ಇದ್ರೆ ಆಡಿದ ಗುಂಡಿಗೆ ಎರಡು ಹೊಡೆತ ದಂಡ, ಎರಡು ಗುಂಡಿಗೆ ನಾಲ್ಕು. ‘ಯಾರೂ ನೋಡಿಲ್ಲ ಕಣೇ, ಜಾಕೆಟ್ ಒಳಗೆ ಸುತ್ತಿ ಇಟ್ಕೊಂಡುಬಿಡ್ತೀನಿ’ ಅಂದೆ. ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ, ಆದ್ರೆ ಅಂದೆ.

‘ಅದನ್ನ ಮುಟ್ಬೇಡಿ’ ಅಂತ ಕೈ ಎತ್ತಿ ರೆಫ್ರಿನ ಕರೆದಳು. ಅವರು ಬಂದು ಎಣಿಸಿ, ಮೋಟು ಸ್ಟಿಕ್ಕನ್ನ ಆಚೆ ತೆಗೆಸಿ, ನಾಲ್ಕು ಹೊಡೆತ ಬರ್ಕೊಂಡ್ರು. ಮೂರು ಮುಂದಿದ್ದೋಳು ಒಂದು ಹಿಂದಾದಳು. ಇಡೀ ಮೂರು ವರ್ಷ ನನ್ನ ಒಂದು ಬೆಳಗಿನ ಅವಸರಕ್ಕೆ ಹಾಳಾಯ್ತಲ್ಲಾ ಅನ್ನಿಸ್ತು. ‘ಬೈಯೇ ನನಗೆ, ಎರಡು ಬೈಯೇ’ ಅಂದೆ. ‘ಸಂಜೆ ಬೈತೀನಿ ಮಾವ, ಈಗ ಟೈಮಿಲ್ಲ. ನಡೀರಿ’ ಅಂದಳು.

ಆಮೇಲೆ ಆಡಿದಳು ನೋಡಿ. ಎಂಟನೇ ಗುಂಡೀಲಿ ಸಮ ಮಾಡಿದಳು. ಹನ್ನೊಂದರಲ್ಲಿ ಬೆನೆದೆತ್ತಾ ಮತ್ತೆ ಒಂದು ಮುಂದೆ ಹೋದಳು. ಆ ಹುಡುಗೀನೂ ಸಾಮಾನ್ಯದೋಳಲ್ಲ, ಮುಖದ ಮೇಲೆ ಒಂದು ಗೆರೆ ಅಲ್ಲಾಡ್ತಿರಲಿಲ್ಲ. ಹದಿನೇಳರಲ್ಲಿ ಸ್ಪಂದನ ಇಪ್ಪತ್ತಡಿ ದೂರದಿಂದ ಚೆಂಡು ಉರುಳಿಸಿದಳು. ಅದು ಗುಂಡಿ ಅಂಚಲ್ಲಿ ಒಂದು ಕ್ಷಣ ಯೋಚನೆ ಮಾಡಿ ಒಳಗೆ ಬಿತ್ತು. ಮತ್ತೆ ಸಮ.

ಉಳಿದಿದ್ದು ಒಂದೇ ಗುಂಡಿ, ತುಂಬಾ ದೂರದ್ದು, ಮುಟ್ಟೋ ಮುಂಚೆ ಅಡ್ಡಕ್ಕೆ ಒಂದು ಕೆರೆ. ಬೆನೆದೆತ್ತಾಳ ಮೊದಲ ಚೆಂಡು ಉದ್ದ ಹುಲ್ಲಲ್ಲಿ ಸಿಕ್ಕಿಕೊಂಡಿದ್ದಕ್ಕೆ, ಎರಡನೇದನ್ನ ಹುಷಾರಾಗಿ ಕೆರೆಯ ಈಚೆಗೇ ನಿಲ್ಲಿಸಿದಳು. ಸ್ಪಂದನಾಳ ಮೊದಲ ಹೊಡೆತ ಚೆನ್ನಾಗಿ ಬಿದ್ದಿತ್ತು. ಈಚೆಗೆ ನಿಲ್ಲಿಸಿದ್ರೆ ಭದ್ರ. ಒಂದೇ ಏಟಿಗೆ ಕೆರೆ ದಾಟಿಸಿದ್ರೆ ಗೆಲ್ಲಬಹುದು, ನೀರಿಗೆ ಬಿದ್ರೆ ಎಲ್ಲಾ ಮುಗೀತು.

‘ಏನ್ ಮಾಡ್ಲಿ ಮಾವ?’ ಅಂದಳು. ಮೂರು ದಿನದಲ್ಲಿ ಒಂದು ಸಲಾನೂ ಅವಳು ನನ್ನ ಕೇಳಿರಲಿಲ್ಲ. ನನ್ನ ಪುಕ್ಕಲು ಮನಸ್ಸು ಭದ್ರವಾಗಿ ಆಡು ಅಂತಾನೇ ಹೇಳ್ತಿತ್ತು. ಅವಳ ಮುಖ ನೋಡಿದೆ. ಸೋಮವಾರ ಈ ಹುಡುಗಿ ಫೈಲ್ ಹಿಡ್ಕೊಂಡು ಮೇಜಿನ ಹಿಂದೆ ಕೂತಿರೋದನ್ನ ನೆನೆಸ್ಕೊಂಡೆ. ದೊಡ್ಡ ಸ್ಟಿಕ್ ಎಳೆದು ಅವಳ ಕೈಗೆ ಕೊಟ್ಟೆ. ‘ಹೊಡಿ’ ಅಂದೆ.

ಹೊಡೆದಳು. ಸದ್ದು ಕೇಳಿದ ಕೂಡ್ಲೇ ಗೊತ್ತಾಯ್ತು, ಟ್ಯೂನಿಂಗ್ ಸರಿಯಾದ ಎಂಜಿನ್ ಸದ್ದು ಅದು. ಚೆಂಡು ಕೆರೆ ದಾಟಿ, ಆಚೆ ದಡದಲ್ಲಿ ಒಂದು ಸಲ ಪುಟಿದು, ಗುಂಡಿ ಸುತ್ತಲಿನ ನುಣ್ಣನೆ ಹುಲ್ಲಿನ ಮೇಲೆ ಹತ್ತಿ ನಿಂತ್ಕೊಂತು. ಅಲ್ಲಿಂದ ಎರಡೇ ಹೊಡೆತ, ಒಟ್ಟು ನಾಲ್ಕು. ಬೆನೆದೆತ್ತಾಗೆ ಐದು ಬೇಕಾಯ್ತು. ದಂಡದ ನಾಲ್ಕನ್ನೂ ಸೇರಿಸಿ ಲೆಕ್ಕ ಹಾಕಿದ್ರೂ ನಮ್ಮ ಹುಡುಗೀನೇ ಒಂದು ಹೊಡೆತ ಮುಂದೆ. ಬೆನೆದೆತ್ತಾ ಓಡಿ ಬಂದು ಇವಳನ್ನ ತಬ್ಕೊಂಡಳು. ನಾನು ಬ್ಯಾಗ್ ಕೆಳಗಿಟ್ಟು, ಅಷ್ಟು ಜನರ ಮುಂದೆ ಹುಲ್ಲಲ್ಲಿ ಕೂತು ಅತ್ತೆ. ಅಳ್ಬಾರ್ದಾ ಗಂಡಸು?

ಸಂಜೆ ಮಾತು ಉಳಿಸ್ಕೊಂಡಳು, ಕಾರಲ್ಲಿ ದೇವನಹಳ್ಳಿಯಿಂದ ಗೋವಿಂದರಾಜನಗರದವರೆಗೂ ನನ್ನ ಬೈದಳು. ಅಷ್ಟು ಖುಷಿಯಾಗಿ ನಾನು ಜನ್ಮದಲ್ಲಿ ಬೈಸ್ಕೊಂಡಿಲ್ಲ.

ಸೋಮವಾರ ಹತ್ತು ಗಂಟೆಗೆ ಭಾವ ದಿಂಬಿಗೆ ಒರಗಿಕೊಂಡು, ತಾವೇ ಆ ಆಫೀಸಿಗೆ ಫೋನ್ ಮಾಡಿದ್ರು. ಸ್ಪಂದನ ಆಗ್ಲೇ ಪ್ರಾಕ್ಟೀಸಿಗೆ ಹೊರಟುಹೋಗಿದ್ದಳು. ‘ನನ್ನ ಮಗಳು ಸೇರಲ್ಲ ಸಾರ್’ ಅಂದ್ರು. ಆ ಕಡೆಯೋರು ಯಾಕೆ ಅಂತ ಕೇಳಿರ್ಬೇಕು.

‘ಅವಳಿಗೆ ಕೆಲಸ ಇದೆ ಸಾರ್’ ಅಂದ್ರು ಭಾವ.