ಸದನಕ್ಕೆ ಪ್ರಶ್ನೆ ಹೊತ್ತು ತರುವ ಲುಲೊಂಗ್

ಎಂಬುಲಿ ಹೊಳೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಉದ್ದ ದೋಣಿಯ ಹಿಂತುದಿಯಲ್ಲಿ ನಿಂತು ಲುಲೊಂಗ್ ಇಂಜಿನ್ನಿನ ಹಗ್ಗ ಎಳೆಯುತ್ತಾರೆ. ಅದು ಒಂದಿಷ್ಟು ಕೆಮ್ಮಿ ಸುಮ್ಮನಾಗುತ್ತದೆ. ಮತ್ತೆ ಎಳೆಯುತ್ತಾರೆ. ಮುಂತುದಿಯಲ್ಲಿ ಗಳ ಹಿಡಿದು ಕೂತ ಗಂಡ ಉಂಪಾಂಗ್ ತಿರುಗಿ ಕೂಡ ನೋಡುವುದಿಲ್ಲ.

"ನಾಲ್ಕು ಬೈದುಬಿಡು, ಎದ್ದೇಳುತ್ತೆ. ನನ್ನನ್ನ ಹಾಗೇ ತಾನೇ ಎಬ್ಬಿಸೋದು?"

"ಪಾಪ, ಅದು ನಿನ್ನಷ್ಟು ಸೋಮಾರಿ ಅಲ್ಲ," ಎನ್ನುತ್ತಾರೆ ಲುಲೊಂಗ್. ಅಷ್ಟರಲ್ಲಿ ಇಂಜಿನ್ ಹತ್ತಿಕೊಳ್ಳುತ್ತದೆ.

ದೋಣಿಯಲ್ಲಿ ಉಪ್ಪಿನ ಚೀಲವಿದೆ, ಕಾಫಿಪುಡಿ ಇದೆ, ಒಣಮೀನು, ಬಿಸ್ಕತ್ತಿನ ಡಬ್ಬಗಳಿವೆ. ನೋಡಿದವರು ಅಂಗಡಿಯವರು ಹೊಳೆ ಏರುತ್ತಿದ್ದಾರೆ ಅಂದುಕೊಳ್ಳಬೇಕು. ಆದರೆ ಲುಲೊಂಗ್ ಏನನ್ನೂ ಮಾರುವುದಿಲ್ಲ, ಇವೆಲ್ಲ ಹೋದ ಮನೆಗೆ ಕೊಡಲು. ಇನ್ನು ಕೆಲವು ವಾರಗಳಲ್ಲಿ ರಾಜಧಾನಿಯಲ್ಲಿ ಶಾಸನಸಭೆ ಸೇರುತ್ತದೆ. ಅಲ್ಲಿ ಈ ಹೊಳೆಯ ಸದಸ್ಯ ಎದ್ದು ನಿಂತು ಸಚಿವರನ್ನು ಏನು ಕೇಳಬೇಕು ಎಂಬುದನ್ನು, ಒಂದೇ ಸೂರಿನಡಿ ಇಡೀ ಊರು ಬಾಳುವ ಉದ್ದಮನೆಗಳಿಂದ ಹೆಕ್ಕಿ ತರುವುದು ಅವರ ಕೆಲಸ. ಕಾಗದದ ಮೇಲೆ ಅವರು ಕ್ಷೇತ್ರ ಕಚೇರಿಯ ಸಹಾಯಕಿ. ಹೊಳೆಯವರ ಬಾಯಲ್ಲಿ 'ಪ್ರಶ್ನೆ ಅಕ್ಕ'.

ಸದಸ್ಯನನ್ನು ಇಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಎಲ್ಲರಿಗೂ ಆತ ವೈಬಿ, ಅಂದರೆ ಮಾನ್ಯ ಸದಸ್ಯರು. ವಕೀಲಿ ಓದಿದ ಎಳೆಯ ವಯಸ್ಸಿನವ, ಮಾತಿಗೆ ಮುಂಚೆ ಬೆವರುವವ. ಹಿಂದಿನ ವೈಬಿಯ ಕಚೇರಿಯಲ್ಲಿ ಲುಲೊಂಗ್ ಕಾಫಿ ಕಾಸಿಕೊಡುತ್ತಿದ್ದರು. ಹೊಳೆಯ ಮೇಲಿಂದ ಬಂದವರು ಸಾಹೇಬರ ಮುಂದೆ "ಎಲ್ಲ ಚೆನ್ನಾಗಿದೆ" ಎಂದು ಕೈ ಕುಲುಕಿ, ಹಿತ್ತಲಿಗೆ ಬಂದು ಲೋಟ ಹಿಡಿದು ಇವರ ಮುಂದೆ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದರು. ಇದು ಒಂದು ದಿನ ಮುದುಕ ವೈಬಿಯ ಕಿವಿಗೆ ಬಿತ್ತು. "ಹಾಗಾದರೆ ನೀನೇ ಹೋಗಮ್ಮ ಹೊಳೆ ಮೇಲೆ," ಎಂದರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಅಲ್ಲಿಯವರೆಗೆ ರಬ್ಬರ್ ಮರ ಗೀರಿ, ಮರದ ಕ್ಯಾಂಪಿನಲ್ಲಿದ್ದ ಗಂಡನ ದಾರಿ ಕಾದು ಬದುಕಿದ್ದ ಹೆಂಗಸು ಅವತ್ತು ದೋಣಿಯ ಇಂಜಿನ್ ಹಿಡಿದವರು ಇನ್ನೂ ಬಿಟ್ಟಿಲ್ಲ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಪೆಟ್ರೋಲಿನ ದುಡ್ಡು ಬರುತ್ತದೆ, ಬರುವಾಗ ಬರುತ್ತದೆ.

"ನಮ್ಮ ಜನರ ಹತ್ರ ಪ್ರಶ್ನೆ ತೆಗೆಯೋದು ಮೀನಿನ ಮುಳ್ಳು ತೆಗೆದ ಹಾಗೆ, ಅವಸರ ಮಾಡಿದ್ರೆ ಮುರಿದು ಒಳಗೇ ಉಳಿಯುತ್ತೆ," ಎನ್ನುತ್ತಾರೆ ಅವರು. ಆದ್ದರಿಂದ ಉದ್ದಮನೆ ತಲುಪಿದೊಡನೆ ಅವರು ಅಡುಗೆ ಮಾಡುವ ಕಡೆಗೆ ಹೋಗುತ್ತಾರೆ. ಮರಗೆಣಸಿನ ಸೊಪ್ಪು ಸೋಸುತ್ತಾರೆ, ಹೆಂಗಸರ ಜೊತೆ ಹೊಳೆಗಿಳಿದು ಮೀಯುತ್ತಾರೆ, ಉಣ್ಣುತ್ತಾರೆ. ಎಲ್ಲ ಮುಗಿದು ಪಡಸಾಲೆಯ ಚಾಪೆಯ ಮೇಲೆ ಕೂತ ಮೇಲೇ ಮಾತು.

ಸದನದ ಕಟ್ಟಳೆ ಅವರಿಗೆ ಬಾಯಿಪಾಠ. "ಪ್ರಶ್ನೆಗೆ ಅಂತ ಇರೋದು ದಿನಕ್ಕೆ ಒಂದೇ ಗಂಟೆ. ಅಷ್ಟರಲ್ಲಿ ನಮ್ಮ ಸರದಿ ಬಂದ್ರೆ ಸಚಿವರು ಎದ್ದು ನಿಂತು ಬಾಯಲ್ಲಿ ಹೇಳ್ಬೇಕು, ಮೇಲೊಂದು ಉಪಪ್ರಶ್ನೆ ಹಾಕ್ಬಹುದು. ಬರ್ಲಿಲ್ಲ ಅಂದ್ರೆ ಕಾಗದದ ಮೇಲೆ ಉತ್ತರ ಕಳಿಸ್ತಾರೆ. ಕಾಗದಕ್ಕೆ ಎದುರು ಮಾತಾಡೋಕಾಗುತ್ತಾ?"

ಲುಲೊಂಗ್ ಹುಟ್ಟಿದ್ದು ಯಜಮಾನ ಗೆರುನ್ಸಿನ್ ಅಜ್ಜನ ಉದ್ದಮನೆಯಲ್ಲಿ. ಮನೆ ಹೊಳೆಯ ಈ ದಡ, ಶಾಲೆ ಆ ದಡ, ನಡುವೆ ಒಂದು ತೂಗುಸೇತುವೆ. ಹಲಗೆ ಲಡ್ಡು ಹಿಡಿದು, ಉಕ್ಕಿನ ಹಗ್ಗದ ಎಳೆಗಳು ಒಂದೊಂದೇ ಬಿಚ್ಚಿಕೊಳ್ಳುತ್ತಿದ್ದವು. ಎರಡು ವರ್ಷದ ಹಿಂದೆ ಲುಲೊಂಗ್ ಅಣ್ಣನ ಮೊಮ್ಮಗಳು ಮೆಂಗಾ ಶಾಲೆಗೆ ಹೋಗುವಾಗ ಹಲಗೆ ಮುರಿದು ಕೆಳಗೆ ಬಿದ್ದಳು. ಹೊಳೆ ತುಂಬಿರಲಿಲ್ಲ, ತೋಳು ಮುರಿದು ಜೀವ ಉಳಿಯಿತು. ಆ ಸಲ ಲುಲೊಂಗ್ ಬೇರೆ ಮನೆಗಳ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟರು.

ವೈಬಿ ಸದನದಲ್ಲಿ ಕೇಳಿದರು: ಹಳ್ಳಿಗಾಡಿನ ಸೇತುವೆಗಳಿಗೆಂದು ಇಟ್ಟ ಅನುದಾನದಲ್ಲಿ ಎಂಬುಲಿ ಹೊಳೆಗೆ ಬಂದದ್ದೆಷ್ಟು? ಕರಾವಳಿಯ ಹೆದ್ದಾರಿಗೆ ಸಾಲ ಎತ್ತಲು ಆಗುವ ಸರ್ಕಾರಕ್ಕೆ ಒಂದು ತೂಗುಸೇತುವೆಗೆ ದುಡ್ಡು ಯಾಕೆ ಹುಟ್ಟುವುದಿಲ್ಲ? ಸಚಿವರು ನುಣುಚಿಕೊಳ್ಳಲಿಲ್ಲ. "ನಾನೇ ಬಂದು ನೋಡುತ್ತೇನೆ," ಎಂದರು. ಹೇಳಿದಂತೆ ಬಂದರು ಕೂಡ.

ಎಡವಟ್ಟಾದದ್ದು ಅಲ್ಲೇ. ಸಚಿವರು ಬರುತ್ತಾರೆ ಎಂದು ಗೊತ್ತಾದೊಡನೆ ಉದ್ದಮನೆಗೆ ಉದ್ದಮನೆಯೇ ಎದ್ದು ನಿಂತಿತು. ಗಂಡಸರು ಕಾಡಿಗೆ ಹೋಗಿ ಹಸಿಮರ ಸೀಳಿ ತಂದು ಸೇತುವೆಗೆ ಹೊಸ ಹಲಗೆ ಹೊಡೆದರು. ಹೆಂಗಸರು ಕೈಹಿಡಿಯುವ ಹಗ್ಗಕ್ಕೆ ಬಣ್ಣದ ಬಟ್ಟೆ ಸುತ್ತಿದರು. ಮನೆಗೆ ಬರುವ ನೆಂಟನ ಕಾಲು ಜಾರಿದರೆ ಆ ಮನೆ ಯಾವ ಮುಖ ಹೊತ್ತು ಬಾಳಬೇಕು? ಲುಲೊಂಗ್ ಕೂಡ ಬಟ್ಟೆ ಸುತ್ತಲು ಕೂತಿದ್ದರು. ಯಾರಿಗೂ ಬೇರೆ ಯೋಚನೆಯೇ ಹೊಳೆಯಲಿಲ್ಲ.

ಸಚಿವರು ಸೇತುವೆ ದಾಟಿ ಬಂದರು. ಮನೆಯವರು ಅವರ ತಲೆಯ ಮೇಲೆ ಹುಂಜ ನಿವಾಳಿಸಿದರು, ಜಾಗಟೆ ಬಾರಿಸಿದರು, ಬಿದಿರಿನೊಳಗೆ ಬೇಯಿಸಿದ ಕೋಳಿ ಬಡಿಸಿದರು, ಅಕ್ಕಿಯ ಕಳ್ಳು ಸುರಿದರು. ಉಣ್ಣುತ್ತಿರುವ ನೆಂಟನ ಮುಂದೆ ದುಡ್ಡಿನ ಮಾತೆತ್ತುವ ಜನ ಅವರಲ್ಲ. ಸಚಿವರು ಹೊಟ್ಟೆ ತುಂಬಾ ಉಂಡು ಹೊರಟುಹೋದರು.

ಮುಂದಿನ ಅಧಿವೇಶನದ ದಿನ ಪಡಸಾಲೆಯಲ್ಲಿ ಎಲ್ಲರೂ ಸದನ ನೋಡಲು ಒಂದೇ ಫೋನಿನ ಸುತ್ತ ಕೂತಿದ್ದರು. ಸಚಿವರು ಎದ್ದು ಮೊದಲು ಬಿದಿರು ಕೋಳಿಯನ್ನು ಹೊಗಳಿದರು. ಪಡಸಾಲೆಯವರು ಚಪ್ಪಾಳೆ ತಟ್ಟಿದರು. ಆಮೇಲೆ ಸಚಿವರು ಹೇಳಿದರು, "ನಾನೇ ನಡೆದು ದಾಟಿದ್ದೇನೆ. ಸೇತುವೆ ಗಟ್ಟಿಯಾಗಿದೆ. ಯಾರೂ ದೂರು ಹೇಳಲಿಲ್ಲ." ವೈಬಿಗೆ ಉಪಪ್ರಶ್ನೆಯ ಅವಕಾಶವಿತ್ತು. ಎದ್ದು ನಿಂತವರು ಹಾಗೇ ಕೂತರು.

"ಅವರು ಸುಳ್ಳು ಹೇಳ್ಲಿಲ್ಲ," ಎನ್ನುತ್ತಾರೆ ಲುಲೊಂಗ್. "ನಾವೇ ಅವರ ಕೈಲಿ ಹಾಗೆ ಹೇಳಿಸಿದ್ವಿ. ಅವತ್ತು ಮೆಂಗಾ ಮುಖ ನೋಡೋಕೆ ನನಗೆ ಆಗ್ಲಿಲ್ಲ."

ಹಸಿಮರದ ಹಲಗೆ ಒಂದು ಮಳೆಗಾಲ ಕೂಡ ತಾಳಲಿಲ್ಲ. ಲುಲೊಂಗ್ ಮತ್ತೆ ಪ್ರಶ್ನೆ ಕೊಟ್ಟರು, ವೈಬಿ ಮತ್ತೆ ಕೇಳಿದರು, ಸಚಿವರು ಒಬ್ಬ ಇಂಜಿನಿಯರನ್ನೂ ಕರೆದುಕೊಂಡು ಮತ್ತೆ ಬರುವೆನೆಂದರು. ಈ ಸಲ ಲುಲೊಂಗ್ ನೇರ ಯಜಮಾನರ ಮುಂದೆ ಕೂತರು.

"ಅಜ್ಜ, ಸೇತುವೆ ಮುಟ್ಟಬೇಡಿ. ಇದ್ದ ಹಾಗೇ ಇರ್ಲಿ."

"ನಿನಗೇನು ತಲೆ ಕೆಟ್ಟಿದ್ಯಾ? ನೆಂಟ ಬಿದ್ರೆ ದಂಡ ತೆರೋದು ನಾನು. ದಂಡ ಹಾಳಾಗ್ಲಿ, ಈ ಮುಖ ಎಲ್ಲಿ ಇಟ್ಕೊಳ್ಲಿ?"

"ಮತ್ತೆ ಮಕ್ಕಳು ಬಿದ್ರೆ?"

ಅಜ್ಜ ಎದ್ದು ಹೋದರು. ಅವತ್ತಿನ ಊಟಕ್ಕೂ ಇವರ ಜೊತೆ ಕೂರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಆ ದಡದ ಸೇತುವೆಯ ಬಾಯಿಗೆ ಅಡ್ಡಲಾಗಿ ಹಗ್ಗ ಬಿಗಿದು ಎಲೆಯ ಗೊಂಚಲು ಕಟ್ಟಿದ್ದರು. ಹೊರಗಿನವರು ಕಾಲಿಡಬಾರದು ಎಂಬ ಗುರುತು ಅದು.

"ರಿಪೇರಿ ಮಾಡಲ್ಲ, ನಿನ್ನ ಮಾತು ನಡೆಸಿದೀನಿ. ಆದ್ರೆ ನೆಂಟರನ್ನ ಅದರ ಮೇಲೆ ಹತ್ತಿಸೋದೂ ಇಲ್ಲ. ನಿನ್ನ ದೋಣೀಲಿ ಕರ್ಕೊಂಡು ಬಾ," ಎಂದರು ಅಜ್ಜ.

ಲುಲೊಂಗ್‌ಗೆ ಸಿಟ್ಟು ನೆತ್ತಿಗೇರಿತು. ಸಚಿವರು ಹತ್ತದಿದ್ದರೆ ನೋಡುವುದೇನು? ಮತ್ತೆ ಕೋಳಿ, ಮತ್ತೆ ಕಳ್ಳು, ಮತ್ತೆ ಸದನದಲ್ಲಿ ಹೊಗಳಿಕೆ. ಆದರೆ ಯಜಮಾನ ಕಟ್ಟಿದ ಎಲೆಯನ್ನು ಕೀಳುವ ಹಾಗಿಲ್ಲ. ಸಚಿವರು ಬಂದ ದಿನ ಗಂಟು ಮುಖ ಹಾಕಿಕೊಂಡೇ ಆ ದಡಕ್ಕೆ ಹೋಗಿ ಅವರನ್ನು ದೋಣಿ ಹತ್ತಿಸಿಕೊಂಡರು. ಅಜ್ಜನೂ ಎದುರುಗೊಳ್ಳಲು ಬಂದು ದೋಣಿಯಲ್ಲೇ ಕೂತಿದ್ದರು.

ಶಾಲೆಯ ಹೊತ್ತು ಅದು. ದೋಣಿ ನಡುಹೊಳೆಗೆ ಬರುವಾಗ ಮೇಲೆ ಮಕ್ಕಳು ದಾಟುತ್ತಿದ್ದರು. ಹಲಗೆ ಇಲ್ಲದ ಕಡೆ ಹಗ್ಗಕ್ಕೆ ಜೋತುಬಿದ್ದು, ಕಾಲು ಚಾಚಿ, ಮುಂದಿನ ಹಲಗೆಯನ್ನು ಒದ್ದು ನೋಡಿ, ಒಬ್ಬರ ಹಿಂದೆ ಒಬ್ಬರು. ಲುಲೊಂಗ್ ಕೈ ತಾನಾಗಿಯೇ ಇಂಜಿನ್ನಿನ ವೇಗ ಇಳಿಸಿತು. ಉಂಪಾಂಗ್ ಗಳ ಊರಿ ದೋಣಿ ನಿಲ್ಲಿಸಿದರು. ಸಚಿವರು ಕತ್ತೆತ್ತಿ ನೋಡಿದರು.

"ಯಜಮಾನರೇ, ಆ ಮಕ್ಕಳು ಮೇಲೆ ಹೋಗ್ತಿದ್ದಾರೆ. ನನ್ನನ್ನ್ಯಾಕೆ ದೋಣೀಲಿ ಕರ್ಕೊಂಡು ಹೋಗ್ತಿದ್ದೀರಿ?"

"ನೀವು ನೆಂಟರು ಸ್ವಾಮಿ. ನಿಮಗೆ ಏನಾದ್ರೂ ಆದ್ರೆ ನಾನು ಜವಾಬು ಹೇಳ್ಬೇಕು."

"ಮಕ್ಕಳಿಗೆ ಏನಾದ್ರೂ ಆದ್ರೆ?"

ಅಜ್ಜನ ಮಾತಿನಲ್ಲಿ ಕೊಂಕು ಇರಲಿಲ್ಲ. "ಅದಕ್ಕೆ ಯಾರು ಜವಾಬು ಹೇಳ್ಬೇಕು ಅಂತ ನಮಗೂ ಗೊತ್ತಿಲ್ಲ. ಅದನ್ನೇ ಈ ಹುಡುಗಿ ಹೊತ್ಕೊಂಡು ಹೋಗಿ ನಿಮ್ಮ ಸಭೇಲಿ ಕೇಳಿಸ್ತಿರೋದು."

ಸಚಿವರು ಊಟಕ್ಕೆ ಮುಂಚೆಯೇ ಇಂಜಿನಿಯರನ್ನು ಕರೆದುಕೊಂಡು ಸೇತುವೆಯ ಬುಡಕ್ಕೆ ಹೋದರು. ಈ ವರ್ಷದ ಮೊದಲ ಅಧಿವೇಶನದಲ್ಲಿ ಕೆಲಸ ಮಂಜೂರಾಯಿತು ಎಂದು ಅವರೇ ಎದ್ದು ಹೇಳಿದರು, ಕೋಳಿಯ ಸುದ್ದಿ ಎತ್ತಲಿಲ್ಲ. ಈಗ ಎರಡೂ ದಡದಲ್ಲಿ ಹೊಸ ಕಂಬ ಎದ್ದಿವೆ, ಉಕ್ಕಿನ ಹಗ್ಗ ಇನ್ನೂ ಬರಬೇಕು. ಅಲ್ಲಿಯವರೆಗೆ ಮಕ್ಕಳಿಗೂ ದೋಣಿ.

ಬಿಸಿಲೇರುವ ಹೊತ್ತಿಗೆ ಲುಲೊಂಗ್ ಹೊಳೆಯ ತೀರಾ ಮೇಲಿನ ಒಂದು ಉದ್ದಮನೆ ತಲುಪುತ್ತಾರೆ. ಸೊಪ್ಪು ಸೋಸಿ, ಮಿಂದು, ಉಂಡು ಪಡಸಾಲೆಯಲ್ಲಿ ಕೂರುತ್ತಾರೆ. "ಏನಾದ್ರೂ ತೊಂದರೆ ಇದ್ಯಾ?" ಎಂದರೆ ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. ಏನೂ ಇಲ್ಲ, ಸುಖವಾಗಿದ್ದೇವೆ. ಮೊದಲಾದರೆ ಇಲ್ಲಿಂದ ಪ್ರಶ್ನೆ ಹೊರಡಿಸಲು ಅರ್ಧ ದಿನ ಹಿಡಿಯುತ್ತಿತ್ತು. ದೋಣಿಯ ಆ ದಿನದ ನಂತರ ಲುಲೊಂಗ್ ಕೇಳುವ ರೀತಿಯನ್ನೇ ಬದಲಿಸಿದ್ದಾರೆ.

"ಸರಿ. ನಾಳೆ ನಿಮ್ಮ ಮನೆಗೆ ನೆಂಟರು ಬರ್ತಾರೆ ಅಂದ್ಕೊಳ್ಳಿ. ಅವರಿಗೆ ಏನು ಮಾಡಬೇಡಿ ಅಂತೀರಿ?"

ಕಂಬಕ್ಕೆ ಒರಗಿ ಕೂತ ಅಜ್ಜಿಯೊಬ್ಬರು ಹೇಳುತ್ತಾರೆ, "ಸರ್ಕಾರದವರು ಕೊಟ್ಟ ಆ ಟ್ಯಾಂಕಿನ ನೀರು ಕುಡೀಬೇಡಿ ಅಂತೀವಿ. ಹೊಟ್ಟೆ ಕೆಡುತ್ತೆ."

"ಮತ್ತೆ ನೀವು?"

"ನಾವು ಕುಡೀತೀವಿ. ನಾವು ಮನೆಯವರಲ್ವಾ."

ಲುಲೊಂಗ್ ಅಜ್ಜಿಯ ಪಕ್ಕಕ್ಕೆ ಚಾಪೆ ಸರಿಸಿಕೊಂಡು ಕೂರುತ್ತಾರೆ. "ಇದನ್ನ ಹೀಗೇ ಸದನದಲ್ಲಿ ಕೇಳಿಸ್ತೀನಿ ಅಜ್ಜಿ," ಎನ್ನುತ್ತಾರೆ. "ನಿಮ್ಮ ಒಂದು ಮಾತೂ ಬದಲಾಯಿಸಲ್ಲ."