ಟೈಪಿಂಗ್ ಮೇಡಂ ಕಟ್ಟಿದ ಕಾರು

ಅವರ ಉಗುರುಗಳ ಕೆಳಗೆ ಸದಾ ಒಂದು ಕಪ್ಪು ಗೆರೆ ಇರುತ್ತಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಸಬೀನ ಪುಡಿ ಹಾಕಿ ಉಜ್ಜಿ, ನಿಂಬೆಹೋಳಿನಿಂದ ತಿಕ್ಕಿದರೂ ಹೋಗುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಅರಿಶಿನ ಕುಂಕುಮಕ್ಕೆ ಅದೇ ಕೈ ಚಾಚುತ್ತಿದ್ದರು. ಕೊಡುವವರ ಕಣ್ಣು ಉಗುರಿನ ಮೇಲೆ ನಿಂತರೆ, "ಗ್ರೀಸು ಕಣ್ರೀ, ಕೊಳೆ ಅಲ್ಲ" ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಿದ್ದರು.

ಬನಶಂಕರಿ ಎರಡನೇ ಹಂತದ ಅವರ ಮನೆಯ ಮುಂದಿನ ಕೋಣೆಯಲ್ಲಿ ಎಂಟು ಟೈಪ್‌ರೈಟರ್‌ಗಳಿದ್ದವು. ಬೆಳಿಗ್ಗೆ ಎರಡು ಬ್ಯಾಚು, ಸಂಜೆ ಎರಡು ಬ್ಯಾಚು. ನಾನು ಹಾವೇರಿ ಕಡೆಯವಳು. ತೊಂಬತ್ತರ ದಶಕದ ಮೊದಲಿಗೆ ಜಯನಗರದ ಒಂದು ಆಫೀಸಿಗೆ ಗುಮಾಸ್ತೆಯಾಗಿ ಬಂದು, ಅವರ ಮನೆಯ ಮಹಡಿ ಮೇಲಿನ ಒಂಟಿ ರೂಮಿಗೆ ಬಾಡಿಗೆಗೆ ಸೇರಿದ್ದೆ. ಬಡ್ತಿಗೆ ಸೀನಿಯರ್ ಟೈಪಿಂಗ್ ಪಾಸಾಗಬೇಕಿತ್ತು. ಹಾಗಾಗಿ ಅವರು ನನಗೆ ಮನೆಯೊಡತಿಯೂ ಹೌದು, ಗುರುವೂ ಹೌದು. ಬೀದಿಯವರೆಲ್ಲ ಕರೆಯುವಂತೆ ನಾನೂ 'ಮೇಡಂ' ಎಂದೇ ಕರೆಯುತ್ತಿದ್ದೆ.

ನಾನು ಬಂದಾಗ ಪೋರ್ಟಿಕೋದಲ್ಲಿ ಒಂದು ಕಾರಿನ ಅಸ್ಥಿಪಂಜರ ಇಟ್ಟಿಗೆಗಳ ಮೇಲೆ ಕೂತಿತ್ತು. ಇಂಗ್ಲೆಂಡಿನಲ್ಲಿ ತಯಾರಾದ, ತಗ್ಗಾದ, ಉದ್ದ ಮೂತಿಯ ಎರಡು ಸೀಟಿನ ಕಾರು. ಅವರ ಗಂಡ ಅದನ್ನು ಯಾವುದೋ ಹಳೇ ಬಂಗಲೆಯಿಂದ ತಂದು, ಹೊಸದು ಮಾಡುತ್ತೇನೆಂದು ಪೂರ್ತಿ ಬಿಚ್ಚಿ ಹಾಕಿ, ಒಂದು ದಿನ ತಮ್ಮ ಆಫೀಸಿನ ಇನ್ನೊಬ್ಬ ಹೆಂಗಸಿನ ಜೊತೆ ಪುಣೆಗೆ ಹೋಗಿಬಿಟ್ಟಿದ್ದರು. ಎಂಜಿನ್ನಿನ ತುಂಡುಗಳು ಬಿಸ್ಕತ್ತಿನ ಡಬ್ಬಗಳಲ್ಲಿದ್ದವು. ಯಾವುದು ಎಲ್ಲಿಯದು ಎಂದು ಹೇಳುವ ಒಂದು ಚೀಟಿಯೂ ಇರಲಿಲ್ಲ.

ಮೇಡಂ ಅದನ್ನು ಮುಟ್ಟಿರಲಿಲ್ಲ. ಮುಟ್ಟಿದ್ದು ಒಂದು ಭಾನುವಾರ. ಅವರ ಭಾವ, ಅಂದರೆ ಗಂಡನ ಅಣ್ಣ, ಗುಜರಿಯವನನ್ನು ಕರೆದುಕೊಂಡು ಬಂದರು. ನಾನು ಮೆಟ್ಟಿಲ ಮೇಲಿದ್ದೆ. ಗುಜರಿಯವನು ಸುತ್ತಿಗೆ ಎತ್ತಿದಾಗ ಮೇಡಂ ಬಾಗಿಲಲ್ಲಿ ಸುಮ್ಮನೆ ನಿಂತಿದ್ದರು. ಕೊಡುವ ಮನಸ್ಸೇ ಅವರದ್ದೂ. ಆಗ ಭಾವ ಸಮಾಧಾನ ಹೇಳಲು ಹೋಗಿ, "ಗಂಡಸು, ಅವನ ಕೈಲೇ ಆಗ್ಲಿಲ್ಲ. ನೀನಿಟ್ಕೊಂಡು ಏನ್ ಮಾಡ್ತೀಯಮ್ಮ?" ಎಂದರು.

ಮೇಡಂ ಅಂಗಳಕ್ಕಿಳಿದರು. "ಸುತ್ತಿಗೆ ಕೆಳಗಿಡಪ್ಪ" ಎಂದರು ಗುಜರಿಯವನಿಗೆ. ಭಾವನ ಕಡೆ ತಿರುಗಿ, "ಕಾಫಿ ಕುಡ್ಕೊಂಡು ಹೊರಡಿ" ಎಂದರು.

ಆ ಎಂಟೂ ಟೈಪ್‌ರೈಟರ್‌ಗಳನ್ನು ಬಿಚ್ಚಿ, ಎಣ್ಣೆ ಹಾಕಿ, ಜೋಡಿಸುತ್ತಿದ್ದವರು ಮೇಡಂ ತಾವೇ. ಮರುದಿನದಿಂದ ಕಾರಿಗೂ ಕೈ ಹಾಕಿದರು. "ಅದ್ರಲ್ಲಿ ಸಣ್ಣ ತುಂಡು, ಇದ್ರಲ್ಲಿ ದೊಡ್ಡ ತುಂಡು, ಅಷ್ಟೇ" ಎನ್ನುತ್ತಿದ್ದರು. ಅಷ್ಟೇ ಆಗಿರಲಿಲ್ಲ. ಎಂಜಿನ್ನನ್ನು ಮೂರು ಸಲ ಜೋಡಿಸಿ ಮೂರು ಸಲ ಬಿಚ್ಚಿದರು. ಇಂಗ್ಲೆಂಡಿನಿಂದ ಬಿಡಿಭಾಗ ತರಿಸುವ ತಾಕತ್ತು ಇರಲಿಲ್ಲ. ಒಂದು ದಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಹಳೆಯ ವಾಟರ್ ಪಂಪು ಮುಂದಿಟ್ಟು ಕೇಳಿದಾಗ, ಅಂಗಡಿಯ ಮುದುಕರು ಅದನ್ನು ತಿರುಗಿಸಿ ನೋಡಿ, "ಇದು ನಮ್ ಅಂಬಾಸಡರ್ ಜಾತೀದೇ ಅಲ್ವೇನಮ್ಮ!" ಎಂದರಂತೆ. ಆ ಸಂಜೆ ಮೇಡಂ ಕುಣಿಯುವುದೊಂದು ಬಾಕಿ. ಅಲ್ಲಿಂದ ಮುಂದೆ ಹಳೇ ಅಂಬಾಸಡರ್ ಟ್ಯಾಕ್ಸಿಗಳ ತುಂಡುಗಳು ಆ ವಿಲಾಯಿತಿ ಕಾರಿನೊಳಗೆ ಹೋದವು. ಕಾರಿನ ನೆಲ ಮರದ್ದು, ಕೊಳೆತಿತ್ತು. ತಿಲಕನಗರದ ಬಡಗಿಯೊಬ್ಬರು ಪ್ಲೈವುಡ್ಡಿನಲ್ಲಿ ಹೊಸದು ಕೊಯ್ದುಕೊಟ್ಟರು. ಮೇಲಿನ ಬಟ್ಟೆಯ ಟಾಪನ್ನು ಆಟೋರಿಕ್ಷಾ ಹುಡ್ ಹೊಲಿಯುವವರು ಹೊಲಿದರು. ತುಕ್ಕನ್ನು ಮೇಡಂ ತಾವೇ, ಬ್ಯಾಚುಗಳ ನಡುವಿನ ಮಧ್ಯಾಹ್ನದಲ್ಲಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಮರಿ ಕಾಗದದಲ್ಲಿ ಉಜ್ಜಿದರು. ರಜೆಯ ದಿನ ನಾನೂ ಉಜ್ಜುತ್ತಿದ್ದೆ.

"ಜೋರು ಮಾಡ್ಬೇಡ. ಬೋಲ್ಟಿನ ಥ್ರೆಡ್ ಸವೆದು ಹೋಗುತ್ತೆ" ಎನ್ನುವುದು ಅವರು ನನಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು. ಬೀದಿಯಲ್ಲಿ ಯಾರಾದರೂ ಗೇಟಿನ ಬಳಿ ನಿಂತು, "ಇದೆಲ್ಲ ಓಡುತ್ತಾ ಮೇಡಂ?" ಎಂದರೆ ಮಾತ್ರ ತಲೆ ಎತ್ತದೆ, "ನಿಮ್ಮನ್ನ ಕೂರಿಸ್ಕೊಳಲ್ಲ ಬಿಡಿ" ಎನ್ನುತ್ತಿದ್ದರು.

ನಾಲ್ಕು ವರ್ಷ ಹಿಡಿಯಿತು. ಮೊದಲ ಸಲ ಅದು ಹೊರಗೆ ಹೋದದ್ದು ಕೋಣನಕುಂಟೆಯವರೆಗೆ. ಕನಕಪುರ ರಸ್ತೆಯ ಎರಡೂ ಕಡೆ ಆಗಿನ್ನೂ ರಾಗಿ ಹೊಲಗಳಿದ್ದವು. ವಸಂತಪುರದ ದಿಣ್ಣೆ ಏರಿದಾಗ ಮೇಡಂ ಸ್ಟೇರಿಂಗಿಗೆ ಒಂದು ಏಟು ಕೊಟ್ಟು, "ಏನ್ ಅಂದ್ಕೊಂಡಿದ್ರು ನಮ್ಮನ್ನ?" ಎಂದರು. 'ನಮ್ಮನ್ನ' ಎಂದರೆ ತಾವು ಮತ್ತು ಕಾರೋ, ತಾವು ಮತ್ತು ನಾನೋ, ಕೇಳಲಿಲ್ಲ.

ಸುದ್ದಿ ಪುಣೆಗೂ ಮುಟ್ಟಿತು. ಒಂದು ಶನಿವಾರ ಬೆಳಗಿನ ಬ್ಯಾಚು ನಡೆಯುತ್ತಿರುವಾಗ ಗೇಟು ಸದ್ದಾಯಿತು. ಗಂಡ ಬಂದಿದ್ದರು. ಜೊತೆಗೆ ಹಳೇ ಕಾರುಗಳನ್ನು ಕೊಳ್ಳುವ ಒಬ್ಬ ನಡುವಯಸ್ಸಿನವರು.

"ಚೆನ್ನಾಗಿ ಮಾಡಿಸಿದೀಯ" ಎಂದರು ಗಂಡ. "ಆರ್‌ಸಿ ಬುಕ್ ನನ್ನ ಹೆಸರಲ್ಲಿದೆ, ಗೊತ್ತಲ್ಲ. ಕೀ ಕೊಡು."

ಮೇಡಂ ಕಟ್ಟೆಯ ಕಡೆ ಕೈ ತೋರಿಸಿದರು. "ಕೊಡ್ತೀನಿ. ಅಲ್ಲಿ ಕಟ್ಟೆ ಮೇಲೆ ಕೂತ್ಕೊಳಿ. ಸ್ವಲ್ಪ ಹೊತ್ತಾಗುತ್ತೆ."

ಒಳಗೆ ಹೋಗಿ ಸ್ಪ್ಯಾನರ್ ಪೆಟ್ಟಿಗೆ ತಂದರು. ಬಾನೆಟ್ ಎತ್ತಿದರು. ಮೊದಲು ಒಂದು ಕಾರ್ಬುರೇಟರ್ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ನೆಲದ ಮೇಲಿಟ್ಟರು. ಆಮೇಲೆ ಇನ್ನೊಂದು.

"ಏನ್ ಮಾಡ್ತಿದೀಯ?"

"ನೀವು ಹೇಗೆ ಬಿಟ್ಟು ಹೋಗಿದ್ರೋ ಹಾಗೇ ಮಾಡ್ಕೊಡ್ತೀನಿ. ಪೇಪರ್ ನಿಮ್ದು. ಇಟ್ಟಿಗೆ ಮೇಲೆ ಕೂತಿದ್ದ ತಗಡೂ ನಿಮ್ದು. ಮಿಕ್ಕಿದ್ದು ನಂದು."

"ತಲೆ ಕೆಟ್ಟಿದ್ಯಾ ನಿಂಗೆ?"

ಮೇಡಂ ಪಂಪಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದರು. ಒಳಗೆ ಟೈಪ್‌ರೈಟರ್‌ಗಳ ಸದ್ದು ನಿಂತುಹೋಗಿತ್ತು. ಬ್ಯಾಚಿನ ವಿದ್ಯಾರ್ಥಿಗಳೆಲ್ಲ ಕಿಟಕಿಯಲ್ಲಿದ್ದರು. ಮೇಡಂ ತಿರುಗದೆಯೇ ಕೂಗಿದರು: "ಯಾಕ್ ನಿಂತೋಯ್ತು? ಟೈಪ್ ಮಾಡಿ!"

ಸದ್ದು ಮತ್ತೆ ಶುರುವಾಯಿತು.

ನಾನು ಹತ್ತಿರ ಹೋಗಿ ಮೆಲ್ಲಗೆ, "ಬ್ಯಾಡ್ರಿ ಮೇಡಂ, ಇಷ್ಟು ವರ್ಷ ಕಷ್ಟಪಟ್ಟು ಮಾಡೀರಿ, ಬಿಚ್ಚಬ್ಯಾಡ್ರಿ" ಎಂದೆ.

"ಒಂದು ಸಲ ಜೋಡಿಸಿದೀನಿ, ಇನ್ನೊಂದು ಸಲ ಜೋಡಿಸೋಕೆ ಬರಲ್ವಾ? ಒಂದು ತಟ್ಟೆ ತಗೊಂಡ್ಬಾ. ಬೋಲ್ಟು ಕಳೀಬಾರ್ದು."

ನಾನು ಊಟದ ತಟ್ಟೆ ತಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಪಂಪು ಕಳಚಿ ಬಂತು. ಸೀಟುಗಳು ಬಂದವು. ನೆಲದ ಹಲಗೆಗಳು ಬಂದವು. ಕೊಳ್ಳಲು ಬಂದವರು ಅಷ್ಟು ಹೊತ್ತೂ ನೋಡುತ್ತಿದ್ದರು. ಕೊನೆಗೆ ಎದ್ದು ಬಂದು, "ಮೇಡಂ, ಈ ಎಂಜಿನ್ ಕೆಲಸ ಯಾರ ಹತ್ರ ಮಾಡ್ಸಿದ್ರಿ?" ಎಂದು ಕೇಳಿದರು.

"ನಾನೇ ಮಾಡಿದ್ದು."

ಅವರು ತಟ್ಟೆಯನ್ನೂ ಆ ಕೈಗಳನ್ನೂ ನೋಡಿದರು. ಗಂಡನ ಕಡೆ ತಿರುಗಿ, "ಸಾರ್, ಈ ಗಾಡಿ ನಾನು ತಗೊಳಲ್ಲ" ಎಂದು ಹೇಳಿ ಗೇಟು ದಾಟಿ ಹೋದರು. ಗಂಡ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ಮೇಡಂ ಚಕ್ರದ ನಟ್ಟುಗಳನ್ನು ಸಡಿಲಿಸುತ್ತಿದ್ದರು. ಕೊನೆಗೆ ಗಂಡನೂ ಹೋದರು.

ಅವರು ತಿರುವು ದಾಟಿದ ಮೇಲೆ ಮೇಡಂ ಸ್ಪ್ಯಾನರ್ ಕೆಳಗಿಟ್ಟು, ಚಕ್ರಕ್ಕೆ ಒರಗಿ ಕೂತು, ಎರಡೂ ಕೈ ನನ್ನ ಮುಂದೆ ಹಿಡಿದರು. "ನಾಲ್ಕು ವರ್ಷದ ಕೆಲಸ ಕಣೇ" ಎಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೆಲವು ತಿಂಗಳ ನಂತರ ಪುಣೆಯಿಂದ ವಕೀಲರ ಕಾಗದ ಬಂತು. ಗಂಡನಿಗೆ ವಿಚ್ಛೇದನ ಬೇಕಾಗಿತ್ತು. ಒಪ್ಪಬೇಡ, ಸತಾಯಿಸು ಎಂದು ನೆಂಟರೆಲ್ಲ ಹೇಳಿದರು. ಮೇಡಂ ತಮ್ಮ ಟೈಪ್‌ರೈಟರಿನಲ್ಲೇ ಉತ್ತರ ಹೊಡೆದರು: ನಾನು ಸಹಿ ಹಾಕುತ್ತೇನೆ, ನೀವು ಕಾರಿನ ವರ್ಗಾವಣೆ ಪತ್ರಕ್ಕೆ ಸಹಿ ಹಾಕಿ. ಎರಡೂ ಆದವು. ಮದುವೆ ಕೊಟ್ಟು ಕಾರು ತಗೊಂಡಳು ಎಂದು ಬೀದಿಯಲ್ಲಿ ಆಡಿಕೊಂಡರು. "ನಿಜಾನೇ ಅಲ್ವಾ?" ಎಂದು ಮೇಡಂ ನಕ್ಕರು. ಆ ವೇಳೆಗೆ ಕಾರು ಮತ್ತೆ ಓಡುತ್ತಿತ್ತು. ಎರಡನೇ ಸಲ ಜೋಡಿಸಲು ಎರಡೇ ತಿಂಗಳು ಸಾಕಾಗಿತ್ತು.

ಕಂಪ್ಯೂಟರ್ ಬಂದು ಟೈಪಿಂಗ್ ಕ್ಲಾಸು ಮುಚ್ಚಿತು. ನನಗೆ ಬಡ್ತಿ ಸಿಕ್ಕಿತು, ಆದರೂ ನಾನು ಆ ಮಹಡಿಯ ರೂಮು ಬಿಡಲಿಲ್ಲ. ಕೋಣನಕುಂಟೆಯ ಆಚೆಯ ಖಾಲಿ ರಸ್ತೆಗಳಲ್ಲಿ ಅವರು ನನಗೆ ಆ ಕಾರನ್ನು ಓಡಿಸಲು ಕಲಿಸಿದರು. ಎರಡನೇ ಗೇರು ಬೀಳುವುದಕ್ಕೆ ಒಂದು ಮರ್ಜಿ ಇತ್ತು. ಕ್ಲಚ್ಚನ್ನು ಎರಡು ಸಲ ಒತ್ತಬೇಕು, ನಡುವೆ ಒಂದು ಉಸಿರು. ಎಂಜಿನ್ ನಿಂತುಹೋದಾಗ ಹಿಂದಿನವರು ಹಾರನ್ ಹೊಡೆದರೆ ನನಗೆ ಕಣ್ಣೀರು ಬರುತ್ತಿತ್ತು. "ಹೊಡೀಲಿ ಬಿಡು. ರಸ್ತೆ ಅವರಪ್ಪಂದಾ? ಮತ್ತೆ ಸ್ಟಾರ್ಟ್ ಮಾಡು" ಎನ್ನುತ್ತಿದ್ದರು. ಎಷ್ಟೋ ಆಫೀಸು ಮೀಟಿಂಗುಗಳಲ್ಲಿ, ನನ್ನ ಮಾತು ಅರ್ಧಕ್ಕೆ ತುಂಡಾದಾಗ, ಆ ದನಿ ಕೇಳಿಸಿಕೊಂಡು ನಾನು ಮತ್ತೆ ಶುರುಮಾಡಿದ್ದೇನೆ.

ಎರಡು ಸಾವಿರದ ನಂತರದ ವರ್ಷಗಳಲ್ಲೊಮ್ಮೆ, ಒಂದು ಚಳಿಗಾಲ, ಎರಡು ದಿನದ ಜ್ವರದಲ್ಲಿ ಅವರು ಹೋಗಿಬಿಟ್ಟರು. ಕ್ರಿಯೆ ಮಾಡಿದ್ದು ಅವರ ತಮ್ಮ. ಮೆತ್ತನೆ ಮಾತಿನ ಮನುಷ್ಯ. ಅಸ್ಥಿಯನ್ನು ಶ್ರೀರಂಗಪಟ್ಟಣಕ್ಕೆ ಒಯ್ಯುವ ದಿನ ಅವರು ಆ ಕಾರಿನ ಹತ್ತಿರ ಹೋಗಿ ನಿಂತರು. ಹಿರಿಯರೊಬ್ಬರಿಗೆ ಸಿಟ್ಟು ಬಂತು.

"ಇದರಲ್ಲಿ ಹೋಗ್ತೀಯೇನೋ? ಓಡ್ಸೋರು ಯಾರು?"

ತಮ್ಮ ನನ್ನನ್ನು ತೋರಿಸಿದರು.

"ಹೆಣ್ಣುಮಗಳು. ಅದೂ ಮನೆಯವಳಲ್ಲ. ಎಲ್ಲಾದ್ರೂ ಉಂಟಾ?"

"ಅಕ್ಕನಿಗೆ ಇದೇ ಸರಿ ದೊಡ್ಡಪ್ಪ" ಎಂದು ಹೇಳಿ ತಮ್ಮ ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು. ಮಿಕ್ಕವರಿಗೆ ಸೀಟೇ ಇರಲಿಲ್ಲ.

ಟಾಪು ಮಡಚಿ ಹೊರಟೆವು. ಮಂಡ್ಯ ದಾಟಿ ರಸ್ತೆ ನೇರವಾದಾಗ ಅವರು ಮಡಕೆಯ ಬಾಯಿಯ ಮೇಲೆ ಅಂಗೈ ಇಟ್ಟು, ನನ್ನ ಕಡೆ ನೋಡದೆ, "ಇನ್ನೂ ಸ್ವಲ್ಪ ಜೋರಾಗಿ ಹೋಗುತ್ತಾ ಇದು?" ಎಂದು ಕೇಳಿದರು.

ಹೋಗುತ್ತದೆ ಎಂದೆ. ಟಾಪ್ ಗೇರಿಗೆ ಹಾಕಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ.