ಪುಟಿಯುವ ನೆಲ

ಆ ಮರದ ನೆಲ ಕೊಳೆತು ಲಡ್ಡಾಗಿರಲಿಲ್ಲ, ವಸುಧಾ. ಕೀಳಿಸುವ ಮೊದಲೇ ನನಗದು ಗೊತ್ತಿತ್ತು — ಗೊತ್ತಿದ್ದೂ ಕೀಳಿಸಿದೆ.

ಆರು ವರ್ಷದ ಹಿಂದೆ ನಿನ್ನ ಭರತನಾಟ್ಯ ಶಾಲೆಗೆಂದು ವಿಕ್ಸಮ್ ಊರಿನ ಹತ್ತಿರದ ಆ ಇಟ್ಟಿಗೆಯ ಬಂಗಲೆ ನೋಡಿದಾಗ, ಚೌಕಾಸಿಗೆ ನೀನು ನನ್ನನ್ನೇ ಕರೆದುಕೊಂಡು ಹೋದೆ. ಹಿಂದೆ ಯಾರೋ ಕಾರ್ಖಾನೆಯ ಧಣಿ ಬೇಸಿಗೆ ಕಳೆಯಲು ಕಟ್ಟಿಸಿದ್ದು. ಎತ್ತರದ ಕಿಟಕಿಗಳ ದೊಡ್ಡ ಹಜಾರ. ಕಾಲಿಟ್ಟರೆ ನೆಲ ಸಣ್ಣಗೆ ಪುಟಿಯುತ್ತಿತ್ತು. ಹಿಡಿತ ಸಿಕ್ಕಿತು ಅಂದುಕೊಂಡೆ. ಮಾರುವವಳ ಮುಂದೆ ಎರಡು ಸಲ ಹಾರಿ ತೋರಿಸಿ, ಮರ ಹೋಗಿದೆ, ಪೂರ್ತಿ ಬದಲಾಯಿಸಬೇಕು ಎಂದೆ. ಬೆಲೆ ಇಳಿಯಿತು. ಹಳೇ ಮನೆ ಕೊಳ್ಳುವವರಿಗೆಲ್ಲ ನಾನು ಹೇಳುವ ಬುದ್ಧಿಮಾತು ಅದೇ — ಮೊದಲು ಒಂದು ಕುಂದು ಹುಡುಕಿ, ಆಮೇಲೆ ಬಾಯಿಬಿಡಿ. ಕುಂದೇ ಇಲ್ಲದಿದ್ದರೆ...

ಕೆಲಸ ಶುರುವಾದ ದಿನ ಬಡಗಿ ಒಂದು ಹಲಗೆ ಎಬ್ಬಿಸಿದ. ಕೆಳಗೆ ಅಡ್ಡಡ್ಡ ಉದ್ದುದ್ದ ಜೋಡಿಸಿದ ಮೂರು ಪದರ ಮರದ ಪಟ್ಟಿ, ನಡುನಡುವೆ ಮೆತ್ತನೆಯ ಉಣ್ಣೆಯ ತುಂಡುಗಳು. ಎಲ್ಲೂ ಒಂದು ಹುಳುಕಿಲ್ಲ! ಕುಣಿಯುವವರ ಕಾಲು ಉಳಿಯಲೆಂದೇ ಕಟ್ಟಿದ ನೆಲ ಇದು, ಮುಟ್ಟಬೇಡ ಎಂದ. ಅಷ್ಟರಲ್ಲಿ ನೀನು ಬಾಗಿಲಿಗೆ ಬಂದೆ.

"ಏನಂತಾನೆ ಅಂಕಲ್?"

ಆಗ ಹೇಳಬಹುದಿತ್ತು. ಆದರೆ ನನ್ನ ಲೆಕ್ಕಾಚಾರ ತಪ್ಪಿತು ಅಂತ, ಅದೂ ನಿನ್ನೆದುರು — ಬಾಯಿಗೆ ಬರಲಿಲ್ಲ.

"ನಾನು ಹೇಳಿದ್ದೇ ಕಣಮ್ಮ, ಲಡ್ಡು. ಕಿತ್ತಾಕಿ ಕಾಂಕ್ರೀಟ್ ಹಾಕ್ಸು, ಮೇಲೆ ಗ್ರಾನೈಟ್. ನಮ್ಮೋರು ದೇವಸ್ಥಾನದಲ್ಲಿ ಕಲ್ಲಿನ ಮೇಲೆ ಕುಣೀಲಿಲ್ವಾ?"

"ನೀವಂದ್ಮೇಲೆ ಮುಗೀತು ಬಿಡಿ," ಎಂದು ನೀನು ನಕ್ಕೆ.

ಕಳೆದ ಶನಿವಾರ ನಿನ್ನಲ್ಲಿ ಕಲಿಯುವ ಮೊಮ್ಮಗಳನ್ನು ಕರೆದೊಯ್ಯಲು ಬಂದಾಗ ನೀನು ಕುರ್ಚಿಯಲ್ಲಿ ಕೂತು ತಾಳ ತಟ್ಟುತ್ತಿದ್ದೆ. ಎದ್ದದ್ದು ಗೋಡೆ ಹಿಡಿದು.

"ಎರಡು ಮಂಡೀನೂ ಹೋಯ್ತು ಅಂಕಲ್. ಇನ್ನು ಕುಣಿಯೋ ಹಾಗಿಲ್ಲ ಅಂದ್ರು ಡಾಕ್ಟ್ರು. ಯಾವ ನೆಲದ ಮೇಲೆ ಪ್ರಾಕ್ಟೀಸ್ ಮಾಡ್ತೀರಾ ಅಂತ ಬೇರೆ ಕೇಳಿದ್ರು. ನಮ್ಮ ಗ್ರಾನೈಟ್ ನೋಡಿದ್ರೆ ಹೊಟ್ಟೆ ಉರ್ಕೋತಿದ್ರು!"

ತಮಾಷೆ ಮಾಡಿದೆ ನೀನು. ನಲವತ್ತೊಂದು ವಯಸ್ಸು ನಿನಗೆ. ನಾನೂ ನಕ್ಕೆ — ದೇವರೇ, ನಾನೂ ನಕ್ಕೆ.

ಕಾರಿನಲ್ಲಿ ಮೊಮ್ಮಗಳು ಕಣಕಾಲು ಉಜ್ಜಿಕೊಳ್ಳುತ್ತಿದ್ದಳು. ಏನಾಯ್ತು ಪುಟ್ಟಿ ಎಂದೆ. "ಎವ್ರಿಬಡೀಸ್ ಲೆಗ್ಸ್ ಹರ್ಟ್, ತಾತ. ಇಟ್ಸ್ ನಾರ್ಮಲ್."

ನಾರ್ಮಲ್! ಎಂಟು ವರ್ಷದ ಮಗು. ಹೆದ್ದಾರಿಯಿಂದ ಮನೆ ಕಡೆ ತಿರುಗುವ ನಮ್ಮ ಎಕ್ಸಿಟ್ ದಾಟಿ ಎಷ್ಟು ಮೈಲಿ ಹೋದೆನೋ ತಿಳಿಯಲಿಲ್ಲ.

ಬಡಗಿ ಬಾಯಿಬಿಟ್ಟು ಹೇಳಿದ್ದ, ನಾನು ಕಣ್ಣಾರೆ ಕಂಡಿದ್ದೆ. ಆಮೇಲಿನ ಆರು ವರ್ಷದಲ್ಲಿ ಎಷ್ಟೋ ಸಲ ನಿನ್ನ ಬಾಗಿಲಿಗೆ ಬಂದು ಹೋಗಿದ್ದೇನೆ, ಒಂದು ದಿನವೂ ಬಾಯಿಬಿಡಲಿಲ್ಲ. ನಿನ್ನ ಮಂಡಿಯನ್ನು ಯಾವ ಚೌಕಾಸಿಯಿಂದಲೂ ವಾಪಸ್ ತರಲಾರೆ.

ನಾಳೆ ತರಗತಿಗೆ ಮುಂಚೆ, ತಂದೆತಾಯಿಯರೆಲ್ಲ ಇರುವಾಗ, ಈ ಪತ್ರದಲ್ಲಿ ಬರೆದದ್ದನ್ನೆಲ್ಲ ನಾನೇ ನಿಂತು ಹೇಳುತ್ತೇನೆ. ಅವರು ಏನಂದರೂ ಅನ್ನಲಿ. ನಾನು ಬರುವವರೆಗೆ ಒಂದು ಮಗುವನ್ನೂ ಆ ಕಲ್ಲಿನ ಮೇಲೆ ಕುಣಿಸಬೇಡ.